ನೀರು ಮುಟ್ಟದ ಬೀಗರು

೧ ಜುಲೈ ೨೦೦೩, ಮಂಗಳವಾರ

ಮೂವತ್ತು ವರ್ಷ ಕಬ್ಬಿಣದ ಅಂಗಡಿಯ ಗಲ್ಲೆಯ ಮೇಲೆ ಕುಳಿತು ಪತ್ರಿಕೆಗಳಿಗೆ ಪತ್ರ ಬರೆದವನು ನಾನು. ಗೋಕಾಕದ ಗಟಾರು, ಬಾರದ ಬಸ್ಸು, ಬಂದೂ ನಿಲ್ಲದ ಬಸ್ಸು, ಗ್ರಂಥಾಲಯದ ಹರಿದ ನಿಘಂಟು, ಯಾವುದನ್ನೂ ಬಿಟ್ಟಿಲ್ಲ. ಈಗ ಸಂಪಾದಕರಿಗೆ ಬರೆಯುವ ಉಮೇದಿಲ್ಲ. ಸಿಟ್ಟು ಮಾತ್ರ ಇದ್ದಷ್ಟೇ ಇದೆ. ಅದನ್ನು ಎಲ್ಲಾದರೂ ಇಳಿಸಬೇಕಲ್ಲ, ಅದಕ್ಕೇ ಈ ಬರವಣಿಗೆ.

ಮಹಾವೀರ ಜಯಂತಿಯ ಹೊತ್ತಿಗೆ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ಅಂದಿನಿಂದ ಪ್ರತಿ ಮಂಗಳವಾರ, ಶುಕ್ರವಾರ ಬೆಳಗಾವಿಗೆ ಹೋಗಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು. ಅದು ರಕ್ತವನ್ನು ಹೊರಗೆಳೆದು, ತೊಳೆದು, ಮರಳಿ ಕೊಡುತ್ತದೆ. ಗೋಕಾಕದಲ್ಲಿ ಜಲಪಾತವಿದೆ, ಕರದಂಟಿದೆ, ಆ ಯಂತ್ರವಿಲ್ಲ.

ಹೋಗುವುದು ಸಾತಪ್ಪನ ಬಾಡಿಗೆ ಗಾಡಿ ಟ್ರ್ಯಾಕ್ಸಿನಲ್ಲಿ. ಅವನು ಮೂಡಲಗಿಯಲ್ಲಿ ಕಾಶೆವ್ವನನ್ನು ಹತ್ತಿಸಿಕೊಂಡು, ಅರಭಾವಿಯ ಮೇಲೆ ಹಾದು ಗೋಕಾಕಕ್ಕೆ ಬಂದು ನನ್ನನ್ನು ಕರೆದುಕೊಂಡು, ಹುಕ್ಕೇರಿಯಲ್ಲಿ ಕಾಶಿನಾಥನನ್ನು ಕೂಡಿಸಿಕೊಂಡು, ಯಮಕನಮರಡಿಯಲ್ಲಿ ಹೆದ್ದಾರಿ ಹಿಡಿಯುತ್ತಾನೆ. ಮೂವರಿಗೂ ಒಂದೇ ರೋಗ. ಕಾಶೆವ್ವ ಎಮ್ಮೆ ವ್ಯಾಪಾರಿ. ಗಂಡ ತೀರಿದ ಮೇಲೆ ಅವನ ಧಂದೆಯನ್ನು ಅವನಿಗಿಂತ ಚೆನ್ನಾಗಿ ನಡೆಸಿದವಳು. ಕಾಶಿನಾಥನಿಗೆ ಇನ್ನೂ ಮೂವತ್ತೈದು. ಪಂಪಸೆಟ್ಟಿನ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕಸಬು.

ಸೂಜಿ ಚುಚ್ಚಲು ಅನುಕೂಲವಾಗಲೆಂದು ನಮ್ಮೆಲ್ಲರ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಜೋಡಿಸಿ ಹೊಲಿದಿದ್ದಾರೆ. ಅಲ್ಲಿ ಬೆರಳಿಟ್ಟರೆ ಸದಾ ಗುಂಯ್‌ಗುಡುತ್ತದೆ. ಕಾಶಿನಾಥ ಇಂದು ನನ್ನ ಕೈಯನ್ನು ತನ್ನ ಕಿವಿಗೆ ಹಿಡಿದು ಕೇಳಿದ.

"ಮೋಟಾರ ಚೊಲೊ ಓಡಾಕತ್ತೈತಿ ಕಾಕಾ. ಬೇರಿಂಗ್ ಸ್ವಲ್ಪ ಸವದಾವ."

"ಮತ್ತ ನಂದು?" ಎಂದು ಕಾಶೆವ್ವ ಕೈ ಚಾಚಿದಳು.

"ನಿಮ್ಮದು ತ್ರೀ ಫೇಸ್ ಐತಿ ಬಿಡವ್ವಾ."

ಅವರಿಬ್ಬರೂ ನಕ್ಕರು, ಸಾತಪ್ಪನೂ ನಕ್ಕ. ನಗುವಂಥದ್ದು ಏನಿತ್ತೋ.

ಮರಳಿ ಬರುವಾಗ ಯಮಕನಮರಡಿಯಲ್ಲೇ ಹೊತ್ತು ಮುಳುಗಿತು. ಹೊತ್ತು ಮುಳುಗಿದ ಮೇಲೆ ನಾವು ಜೈನರು ಉಣ್ಣುವುದಿಲ್ಲ. ನನ್ನ ಹೆಂಡತಿ ಲಕ್ಷ್ಮೀಬಾಯಿ ಕಟ್ಟಿಕೊಟ್ಟ ಡಬ್ಬಿಯನ್ನು ಹಾಗೆಯೇ ಮರಳಿ ತಂದೆ. ಬೆಳಕಿರುವಾಗಲೇ ಯಾಕೆ ಉಣ್ಣಲಿಲ್ಲ ಎಂದು ಅವಳ ತಕರಾರು. ಧರ್ಮದ ವಿಷಯದಲ್ಲಿ ವಾದ ಬೇಡ ಎಂದೆ.

೮ ಜುಲೈ, ಮಂಗಳವಾರ

ಇಂದು ನಡೆದದ್ದನ್ನು ಬರೆಯದೆ ಬಿಡುವಂತಿಲ್ಲ. ಕಿಡ್ನಿ ಡಾಕ್ಟರು ಬಂದು, ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಅಂಗಡಿಗೆ ಹೋಗುತ್ತೀರಾ ಎಂದು ಒಂದೊಂದಾಗಿ ಕೇಳಿದರು. ಇಲ್ಲ, ಇಲ್ಲ, ಇಲ್ಲ ಎಂದೆ. ಅಷ್ಟಕ್ಕೇ, "ಶ್ರದ್ಧಾ ಅಂತ ಮನೋವೈದ್ಯೆ ಇದ್ದಾರೆ, ಮಂಗಳವಾರ ಈ ವಾರ್ಡಿಗೆ ಬರುತ್ತಾರೆ, ಒಮ್ಮೆ ಮಾತಾಡಿ ನೋಡಿ," ಎನ್ನುವುದೇ?

"ನನ್ನ ಕಿಡ್ನಿ ಕೆಟ್ಟಾವ್ರಿ ಡಾಕ್ಟರ್ರ, ತಲಿ ಅಲ್ಲ."

"ತಲೆ ಕೆಟ್ಟಿದೆ ಅಂತ ನಾನೂ ಹೇಳಲಿಲ್ಲ. ಈ ಕಾಯಿಲೆಯಲ್ಲಿ ಮನಸ್ಸು ಕುಗ್ಗುವುದು ಬಹಳ ಸಾಮಾನ್ಯ."

"ಕುಗ್ಗಿಲ್ರಿ. ಸಿಟ್ಟಿಗೆದ್ದೈತಿ."

ನಮ್ಮ ಕಡೆ ಯಾರದಾದರೂ ಬುದ್ಧಿ ನೆಟ್ಟಗಿಲ್ಲವೆಂದು ಹೇಳಬೇಕಾದರೆ, "ಅವನ್ನ ಧಾರವಾಡಕ್ಕ ಕಳಸ್ರಿ" ಅನ್ನುತ್ತಾರೆ. ಅಲ್ಲಿ ಹುಚ್ಚರ ಆಸ್ಪತ್ರೆ ಇದೆ ಎಂಬುದೊಂದೇ ಕಾರಣಕ್ಕೆ ಒಂದು ಇಡೀ ಊರು ಬೈಗುಳವಾಗಿದೆ. ೧೯೭೨ರಲ್ಲಿ ನಮ್ಮ ಓಣಿಯ ಕಿರಾಣಿ ಅಂಗಡಿಯ ಗುರುಲಿಂಗಪ್ಪನನ್ನು ನಿಜಕ್ಕೂ ಧಾರವಾಡಕ್ಕೆ ಕರೆದೊಯ್ದರು. ಮೂರು ತಿಂಗಳಿಗೆ ಗುಣವಾಗಿ ಬಂದ. ತೂಕದಲ್ಲಿ ಒಂದು ಕಾಳು ಹೆಚ್ಚುಕಡಿಮೆ ಇಲ್ಲ, ಮಾತು ಮೊದಲಿನಷ್ಟೇ ಮೆತ್ತಗೆ. ಆದರೆ ಗಿರಾಕಿಗಳು ಅವನ ಅಂಗಡಿಯನ್ನು ದಾಟಿ ಮುಂದಿನ ಅಂಗಡಿಗೆ ಹೋದರು. ವರ್ಷ ತುಂಬುವುದರೊಳಗೆ ಬಾಗಿಲು ಹಾಕಿ ಊರು ಬಿಟ್ಟ. ಊರು ಇದನ್ನೆಲ್ಲ ಮರೆತಿದೆ. ನಾನು ಮರೆತಿಲ್ಲ. ನನ್ನ ಅಂಗಡಿಯೂ ಅದೇ ಓಣಿಯಲ್ಲಿದೆ.

೧೩ ಜುಲೈ, ರವಿವಾರ

ರೋಗಿಯನ್ನು ನೋಡಲು ಬರುವವರ ಮೇಲೆ ಒಂದು ಕಾಯಿದೆ ಆಗಬೇಕು.

ನನಗೆ ದಿನಕ್ಕೆ ಒಂದು ತಂಬಿಗೆ ನೀರು, ಅಷ್ಟೇ. ಚಹಾ, ಸಾರು, ಮಜ್ಜಿಗೆ ಎಲ್ಲ ಅದರಲ್ಲೇ. ಎಳನೀರು, ಬಾಳೆಹಣ್ಣು, ಮೋಸಂಬಿ ಮುಟ್ಟುವಂತಿಲ್ಲ. ಅವುಗಳಲ್ಲಿರುವ ಪೊಟ್ಯಾಸಿಯಂ ನಮ್ಮಂಥವರ ಗುಂಡಿಗೆಯನ್ನೇ ನಿಲ್ಲಿಸೀತು. ಬರುವವರು ತರುವುದೇನು? ಎಳನೀರು, ಬಾಳೆಹಣ್ಣು, ಮೋಸಂಬಿ. ಮಮದಾಪುರದ ಮಾಲಿಂಗಪ್ಪ ಇಂದು ಎಳನೀರಿನ ಒಂದು ಗೊಂಚಲನ್ನೇ ಹೊತ್ತು ತಂದ. ನಮ್ಮ ಅಂಗಡಿಯ ಹಳೆಯ ಗಿರಾಕಿ, ಒಳ್ಳೆಯ ಮನುಷ್ಯ. ಕುಳಿತು, ಲಕ್ಷ್ಮೀಬಾಯಿ ಕೊಟ್ಟ ಚಹಾವನ್ನು ನನ್ನೆದುರೇ ಸುರ್‌ ಎಂದು ಕುಡಿದು ಹೇಳಿದ:

"ನಮ್ಮ ಸ್ವಾದರಮಾವಗೂ ಇದ ಆಗಿತ್ರಿ ಸಾವಕಾರ್ರ. ಭಾಳ ಚೊಲೊ ಮನಶಾ ಇದ್ದ."

ಇದ್ದನಂತೆ. ನಾನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಇನ್ನು ಯಾರು ಬಂದರೂ ಮಲಗಿದ್ದಾರೆ ಎನ್ನು ಎಂದು ಹೆಂಡತಿಗೆ ಹೇಳಿದ್ದೇನೆ. ಪೇಪರು ಹಾಕುವವನಿಗೂ ಬೇಡವೆನ್ನಬೇಕು. ಒಂದು ತಿಂಗಳಿನವು ಮಡಿಕೆ ಬಿಚ್ಚದೆ ಬಿದ್ದಿವೆ.

೧೮ ಜುಲೈ, ಶುಕ್ರವಾರ

ಹೋದೆ. ಬಂದೆ. ಡಬ್ಬಿ ಮರಳಿ ತಂದೆ.

ಕಾಶಿನಾಥ ಇಂದು ಯಾರ ಮೋಟಾರನ್ನೂ ಕೇಳಲಿಲ್ಲ.

೨೨ ಜುಲೈ, ಮಂಗಳವಾರ

ಆ ಶ್ರದ್ಧಾ ಎಂಬ ಡಾಕ್ಟರಬಾಯಿ ಬಂದಿದ್ದರು. ಮೂವತ್ತು ದಾಟಿರಲಿಕ್ಕಿಲ್ಲ. ಒಂದು ಸ್ಟೂಲು ಎಳೆದುಕೊಂಡು ಕಾಶಿನಾಥನ ಹಾಸಿಗೆಯ ಹತ್ತಿರ ಕುಳಿತರು. ಅವನು ನನ್ನ ಮುಖ ನೋಡಿದ. ಹಿರಿಯನಾದ ಮೇಲೆ ಹೇಳಬೇಕಲ್ಲ, ಹೇಳಿದೆ.

"ನಮಗೇನೂ ಆಗಿಲ್ರಿ ಬಾಯಾರ. ನೀವು ಬ್ಯಾರೆ ಕಡೆ ನೋಡ್ರಿ."

"ಕಾಕಾ ಹೇಳಿದಂಗ್ರಿ," ಎಂದು ಕಾಶಿನಾಥ ಗೋಡೆಯ ಕಡೆ ಹೊರಳಿದ.

ಬಾಯಾರು ಬೇಸರಿಸಲಿಲ್ಲ. ಸ್ಟೂಲನ್ನು ಕಾಶೆವ್ವನ ಬಳಿ ಎಳೆದುಕೊಂಡರು. ಅವಳೋ, ಯಂತ್ರ ನಿಲ್ಲುವವರೆಗೂ ಬಾಯಿ ಮುಚ್ಚಲಿಲ್ಲ. ಗಂಡ, ಎಮ್ಮೆ, ಮತ್ತೆ ಗಂಡ. ಇಬ್ಬರೂ ಒಮ್ಮೆ ನಕ್ಕರು. ಒಮ್ಮೆ ಕಾಶೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಂತೆ ಕಂಡಿತು.

ಟ್ರ್ಯಾಕ್ಸಿನಲ್ಲಿ ಕೇಳಿದೆ. "ಏನ ಕೇಳಿದರು?"

"ಅವರೇನ ಕೇಳಲಿಲ್ರಿ ಸಾವಕಾರ್ರ, ನಾನ ಹೇಳಿದೆ. ಎಮ್ಮಿ ಮೈ ತಿಕ್ಕಿದರ ಹಾಲ ಇಳಸತೈತಿ ನೋಡ್ರಿ, ಹಂಗ. ನೀವಷ್ಟ ಒದಿಯೂ ಎಮ್ಮಿ."

ಸಾತಪ್ಪ ನಕ್ಕದ್ದು ನನಗೆ ಹಿಡಿಸಲಿಲ್ಲ. ಕಾಶಿನಾಥ ಕಿಟಕಿಗೆ ತಲೆ ಆನಿಸಿ ಹುಕ್ಕೇರಿಯವರೆಗೆ ಕಣ್ಣು ತೆರೆಯಲಿಲ್ಲ.

೨೯ ಜುಲೈ, ಮಂಗಳವಾರ

ಹುಕ್ಕೇರಿಯ ಸ್ಟಾಪಿನಲ್ಲಿ ಕಾಶಿನಾಥ ಇರಲಿಲ್ಲ. ಸಾತಪ್ಪ ಹಾರ್ನು ಹೊಡೆದೂ ಹೊಡೆದೂ ಕಾದ. ಕಡೆಗೆ ಅವನ ಹೆಂಡತಿ ಶೋಭಾ ಓಡುತ್ತ ಬಂದು, "ಇವತ್ತ ಬರೂದಿಲ್ಲಂತರಿ," ಎಂದಳು. ಮುಖ ನೋಡಿದರೆ ರಾತ್ರಿಯಿಡೀ ಅತ್ತಂತಿತ್ತು.

ವಾರ್ಡಿನಲ್ಲಿ ಕಿಡ್ನಿ ಡಾಕ್ಟರಿಗೆ ತಿಳಿಸಿದೆ. "ಒಂದು ಸಲ ತಪ್ಪಿದೆ. ಶುಕ್ರವಾರವೂ ತಪ್ಪಿದರೆ ಉಳಿಯುವುದು ಕಷ್ಟ," ಎಂದರು. ಆಮೇಲೆ ನಾನೇ ಶ್ರದ್ಧಾ ಬಾಯಾರನ್ನು ಕೈಮಾಡಿ ಕರೆದೆ. ಇದು ಬೇರೆಯವರ ವಿಷಯ, ನನ್ನದಲ್ಲ.

"ನೀವ ಹುಕ್ಕೇರಿಗೆ ಹೋಗಿ ಅವನ್ನ ನೋಡಬಾರದೇನ್ರಿ?"

"ರವಿವಾರ ಖಂಡಿತ ಹೋಗತೇನ್ರಿ. ಅದಕ್ಕೂ ಮೊದಲ ಆಗೂದಿಲ್ಲ. ಇಡೀ ವಾರಕ್ಕ ನಾ ಒಬ್ಬಾಕೆ, ನಾಲ್ಕು ಆಸ್ಪತ್ರಿ."

"ರವಿವಾರಕ್ಕ ಅವ ಇರಬೇಕಲ್ರಿ."

"ಅದಕ್ಕ ಶುಕ್ರವಾರ ಕರಕೊಂಡು ಬರ್ರಿ. ಮುಂಜಾನಿಂದ ಇಲ್ಲೇ ಇರತೇನಿ. ಆದರ ಒಂದ ಮಾತು. ಹಗ್ಗ ಕಟ್ಟಿ, ನಾಕ ಮಂದಿ ಹಿಡಕೊಂಡು ತರಬ್ಯಾಡ್ರಿ. ತಾನ ಗಾಡಿ ಹತ್ತಬೇಕು."

ಬರುವಾಗ ಅವನ ಮನೆಗೆ ಹೋದೆವು. ಮುಂದೆ ಮೋಟಾರಿನ ಅಂಗಡಿ, ಬಾಗಿಲು ಹಾಕಿತ್ತು. ಹಿಂದೆ ಮನೆ. ಕಾಶಿನಾಥ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಕರೆದರೆ ಹೊರಳಲಿಲ್ಲ.

"ಸಾಕಾಗೇತಿ ಕಾಕಾ. ಎಡಗೈಲೆ ಭಾರ ಎತ್ತಬ್ಯಾಡ ಅಂತಾರ. ಮೋಟಾರ ಎತ್ತಲಾರದ ಕೈ ತಗೊಂಡು ಏನ ಮಾಡ್ಲಿ? ದಿಂಬಿಗೆ ತಲಿ ಇಟ್ಟರ ಕಿವ್ಯಾಗ ಅದ ಗುಂಯ್ ಅಂತೈತಿ. ಸುಟ್ಟ ಹೋಗೂ ಮೋಟಾರಿನ ಕಾಯಿಲ್ ಇದ್ದಂಗ. ನನ್ನ ಪಾಡಿಗೆ ನನ್ನ ಬಿಡ್ರಿ. ನೀವ ಅಂದಿರಲ್ಲ, ನಮಗೇನೂ ಆಗಿಲ್ಲ ಅಂತ."

ಹೊತ್ತು ಯಾವಾಗ ಮುಳುಗಿತೋ ನೋಡಲಿಲ್ಲ.

೩೧ ಜುಲೈ, ಗುರುವಾರ

ಬಿದ್ದಿದ್ದ ಪೇಪರುಗಳನ್ನೆಲ್ಲ ಇಂದು ಬಿಚ್ಚಿ ಓದಿದೆ, ಕಾಶಿನಾಥನಂಥವರ ವಿಷಯದಲ್ಲಿ ಸರಕಾರ ಏನಾದರೂ ಮಾಡಿದೆಯೋ ಎಂದು. ಮಾಡಿದ್ದು ಸಿಗಲಿಲ್ಲ. ಅರಭಾವಿಯಲ್ಲಿ ಗಿಡಗಳಿಗಾಗಿ ಒಂದು ಕಾಲೇಜೇ ಇದೆ. ದಾಳಿಂಬೆಗೆ ಚುಕ್ಕೆ ಬಿದ್ದರೆ ನೋಡುವವರಿದ್ದಾರೆ. ಎಮ್ಮೆಗೆ ಹೊಟ್ಟೆ ಉಬ್ಬಿದರೆ ನೋಡಲು ದನದ ದವಾಖಾನೆ ಇದೆ. ಗೋಕಾಕ, ಹುಕ್ಕೇರಿ ಎರಡೂ ತಾಲೂಕುಗಳಲ್ಲಿ ಒಬ್ಬ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗಿದರೆ ನೋಡಲು, ನನಗೆ ತಿಳಿದಂತೆ, ಯಾರೂ ಇಲ್ಲ. ದಾಳಿಂಬೆಯಾಗಿ ಹುಟ್ಟಬೇಕಿತ್ತು.

ನಾಳೆ ಕಾಶಿನಾಥನ ಮನೆಯ ಮುಂದೆ ಧರಣಿ ಕೂರುತ್ತೇನೆ. ಅನುಭವವಿದೆ, ನಳದ ನೀರಿಗಾಗಿ ಮುನ್ಸಿಪಾಲಿಟಿಯ ಮೆಟ್ಟಿಲ ಮೇಲೆ ಕೂತು ಇಂಜಿನಿಯರನನ್ನು ಹಿತ್ತಿಲ ಬಾಗಿಲಿನಿಂದ ಓಡಿಸಿದವನು ನಾನು. ಮೂಡಲಗಿಗೆ ಫೋನು ಮಾಡಿ ಕಾಶೆವ್ವನಿಗೆ ತಿಳಿಸಿದೆ. "ನಾನೂ ಕುಂಡರತೇನ್ರಿ, ಮೊದಲ ನನ್ನ ಎಲಿ ಅಡಕಿ ಸಂಚಿ ತಗೋತೇನಿ," ಎಂದಳು.

ಲಕ್ಷ್ಮೀಬಾಯಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು.

"ಅಲ್ಲೇ ಕುಂತರ ನಿಮ್ಮ ಡಯಾಲಿಸಿಸ್ ತಪ್ಪತೈತಿ."

"ತಪ್ಪಲಿ. ಅವಂದೂ ತಪ್ಪೇತಿ."

ಜಗಳಕ್ಕೆ ಬರುತ್ತಾಳೆಂದುಕೊಂಡೆ. "ಹಂಗಾದರ ಡಬ್ಬಿ ಎರಡ ಕಟ್ಟತೇನಿ," ಎಂದು ಒಳಗೆ ಹೋದಳು. ನಡೆಯುವಾಗ ಏನನ್ನೋ ಗುಣುಗುಣಿಸುತ್ತಿದ್ದಳು. ಹೆಂಗಸರನ್ನು ತಿಳಿಯುವುದು ಕಷ್ಟ.

೨ ಆಗಸ್ಟ್, ಶನಿವಾರ

ನಿನ್ನೆ ದಣಿವಿನಲ್ಲಿ ಬರೆಯಲಾಗಲಿಲ್ಲ. ಇಂದು ಎಲ್ಲವನ್ನೂ ಬರೆಯುತ್ತೇನೆ.

ಬೆಳಿಗ್ಗೆ ಕಾಶಿನಾಥನ ಮನೆಯ ಮೆಟ್ಟಿಲ ಮೇಲೆ ಟವೆಲ್ಲು ಹಾಸಿ ಕುಳಿತೆ. ಅವನು ಟ್ರ್ಯಾಕ್ಸ್ ಹತ್ತುವವರೆಗೆ ಏಳುವುದಿಲ್ಲ ಎಂದು ಗಟ್ಟಿಯಾಗಿ ಸಾರಿದೆ. ಓಣಿಯ ಮಂದಿ ಕೂಡಿದರು. "ಏನಾಗೇತ್ರಿ, ಬಾಕಿ ಏನರೆ ಐತೇನ್ರಿ?" ಎಂದು ಒಬ್ಬ. ಇನ್ನೊಬ್ಬ ನಾನು ಚುನಾವಣೆಗೆ ನಿಂತಿದ್ದೇನೆಂದು ತಿಳಿದ. ಒಳಗಿನಿಂದ ಮಾತ್ರ ಸಪ್ಪಳವಿಲ್ಲ. ಬಿಸಿಲು ಮೆಟ್ಟಿಲಿಗೆ ಬಂತು. ನನ್ನ ಲೆಕ್ಕ ತಪ್ಪಿದ್ದು ಆಗ ತಿಳಿಯಿತು. ಮುನ್ಸಿಪಾಲಿಟಿಯ ಒಳಗೆ ಕುಳಿತವನಿಗೆ ಕುರ್ಚಿಯ ಭಯವಿತ್ತು. ಇಲ್ಲಿ ಒಳಗೆ ಮಲಗಿದವನಿಗೆ ಯಾವ ಭಯವೂ ಇಲ್ಲ, ಏನೂ ಬೇಕಾಗಿಲ್ಲ. ಅಂಥವನ ಮುಂದೆ ಧರಣಿ ಕೂತು ಏನುಪಯೋಗ?

ಕಾಶೆವ್ವ ಬಾಯಲ್ಲಿದ್ದ ಎಲೆಯನ್ನು ಉಗುಳಿ ಎದ್ದಳು. "ಬಾಜೂಕ ಸರೀರಿ ಸಾವಕಾರ್ರ. ಇದು ಮುನ್ಸಿಪಾಲ್ಟಿ ಅಲ್ಲ, ಮನಿ. ಮನಿಗೆ ಬಂದಂಗ ಬರ್ರಿ ಒಳಗ."

ಪಡಸಾಲೆಗೆ ಹೋಗಿ ಇಬ್ಬರೂ ಜಮಖಾನೆಯ ಮೇಲೆ ಕುಳಿತೆವು. ಹೊರಸು ಅಲ್ಲೇ ಮೂಲೆಯಲ್ಲಿತ್ತು. ಕಾಶಿನಾಥನ ಬೆನ್ನು ನಮ್ಮ ಕಡೆ. ಬಂದವರಿಗೆ ಕೊಡುವಂತೆ ಶೋಭಾ ತಂಬಿಗೆಯಲ್ಲಿ ನೀರು, ತಾಟಿನಲ್ಲಿ ಬೆಲ್ಲ ತಂದಿಟ್ಟಳು. ಕಾಶೆವ್ವ ಕೈ ಅಡ್ಡ ಹಿಡಿದಳು.

"ಬ್ಯಾಡವಾ. ನಾವು ಕೇಳಾಕ ಬಂದ ಮಂದಿ. ಮಾತ ಕೊಡೂತನಕಾ ನಿಮ್ಮ ಮನಿ ನೀರ ಮುಟ್ಟೂದಿಲ್ಲ."

ನಮ್ಮ ಕಡೆ ಹೆಣ್ಣು ಕೇಳಲು ಹೋದ ಹಿರಿಯರು ಹೀಗೆ ಮಾಡುತ್ತಾರೆ. ಹೆಣ್ಣಿನವರು ಹೂಂ ಅನ್ನುವವರೆಗೆ ಆ ಮನೆಯ ನೀರು ಕುಡಿಯುವುದಿಲ್ಲ. ಕುಡಿಯದೆ ಎದ್ದುಹೋದರೆ ಆ ಮನೆಗೆ ಅದಕ್ಕಿಂತ ಅವಮಾನ ಬೇರೆಯಿಲ್ಲ. ಓಣಿ ವರ್ಷಗಟ್ಟಲೆ ಆಡಿಕೊಳ್ಳುತ್ತದೆ. ಶೋಭಾ ತಂಬಿಗೆ ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತಳು. ಕಾಶಿನಾಥನ ತಾಯಿ ಸತ್ತೆವ್ವ ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಹಂಗ ಅನ್ನಬ್ಯಾಡ್ರಿ ಯಕ್ಕಾ. ನಮ್ಮ ಮನ್ಯಾಗ ಇವತ್ತಿಗೂ ಯಾರೂ ನೀರ ಬಿಟ್ಟು ಎದ್ದ ಹೋಗಿಲ್ಲ. ಏನ ಬೇಕು, ಕೇಳ್ರಿ."

"ನಿಮ್ಮ ಮಗನ್ನ ಕೇಳಾಕ ಬಂದೇವಿ. ವಾರಕ್ಕ ಎರಡ ದಿನ ಕೊಟ್ಟರ ಸಾಕು."

"ಯಾರಿಗೆ?"

"ಬೆಳಗಾಂವಿ ಮಶೀನಿಗೆ."

ಬಾಗಿಲಲ್ಲಿ ತುಂಬಿಕೊಂಡಿದ್ದ ಮಂದಿಯಲ್ಲಿ ಒಬ್ಬಾಕೆಗೆ ತಡೆಯಲಾಗಲಿಲ್ಲ. "ಕನ್ಯಾ ಹೆಂಗ ಐತ್ರಿ ನೋಡಾಕ?"

"ಬೆಳ್ಳಗ, ಎತ್ತರ," ಎಂದಳು ಕಾಶೆವ್ವ ಗಂಭೀರವಾಗಿ. "ಮಾತ ಕಡಿಮಿ. ಕರೆಂಟ ಹ್ವಾದರಷ್ಟ ಒದರತೈತಿ. ಒಂದ ಗುಣ ಕೆಟ್ಟದು, ಗಂಡನ ರಕ್ತ ಹೀರತೈತಿ. ಆದರ ತಿರಗಿ ಕೊಡತೈತಿ ನೋಡವಾ, ನಮ್ಮ ನಿಮ್ಮಂಗಲ್ಲ."

ಓಣಿಯೆಲ್ಲ ನಕ್ಕಿತು. ಹೊರಸಿನ ಕಡೆಯಿಂದ ಕೆಮ್ಮಿದಂಥ ಸಪ್ಪಳ ಬಂತು. ಸತ್ತೆವ್ವ ಹೆದರಿ ಓಡಿದಳು. ಕೆಮ್ಮಲ್ಲ. ಬೆನ್ನು ಅಲುಗಾಡುತ್ತಿತ್ತು.

"ಕಾಶೆವ್ವಾ," ಎಂದ ಕಾಶಿನಾಥ, ಗೋಡೆಗೇ ಮುಖ ಮಾಡಿ, "ಮಂದಿಗೆ ಮೋಸ ಮಾಡಬ್ಯಾಡ್ರಿ. ನೀವಿಬ್ಬರೂ ಹೆಂಗಿದ್ದರೂ ನೀರ ಕುಡಿಯೂ ಹಂಗಿಲ್ಲ."

"ಅದು ನನಗ ಗೊತ್ತು, ನಿನಗ ಗೊತ್ತು. ಓಣಿಗೆ ಗೊತ್ತಿಲ್ಲಪಾ. ನಾವ ಎದ್ದ ಹ್ವಾದರ ಹೆಸರ ಕೆಡೂದು ನಿಮ್ಮವ್ವಂದು."

ಅವನು ನಿಧಾನವಾಗಿ ಎದ್ದು ಕುಳಿತ. ಮುಖ ಬಾತು ಕಣ್ಣು ಗೆರೆಯಷ್ಟಾಗಿತ್ತು; ಎರಡು ಮಾತಿಗೆ ಒಮ್ಮೆ ಉಸಿರು ಹುಡುಕುತ್ತಿದ್ದ. ತಾಯಿಯನ್ನು ನೋಡಿದ, ತಂಬಿಗೆ ಹಿಡಿದ ಹೆಂಡತಿಯನ್ನು ನೋಡಿದ. ಕಡೆಗೆ ನನ್ನನ್ನು.

"ಬರತೇನಿ. ಆ ಬಾಯಾರ ಮುಂದೂ ಕುಂಡರತೇನಿ. ಆದರ ಕಾಕಾನೂ ಕುಂಡರಬೇಕು."

ಎಲ್ಲರ ಕಣ್ಣೂ ನನ್ನ ಮೇಲೆ. ಬಾಗಿಲಲ್ಲಿ, ಕಿಟಕಿಯಲ್ಲಿ, ಎದುರಿನ ಕಟ್ಟೆಯ ಮೇಲೆ ಹುಕ್ಕೇರಿಯ ಅರ್ಧ ಮಂದಿ. ನನಗೆ ಗುರುಲಿಂಗಪ್ಪನ ಅಂಗಡಿಯ ಹಾಕಿದ ಬಾಗಿಲು ಕಣ್ಣಿಗೆ ಬಂತು. ಈ ಮಾತು ನಾಳೆ ಬೆಳಗಾಗುವುದರೊಳಗೆ ಗೋಕಾಕ ಮುಟ್ಟುತ್ತದೆ.

"ಕುಂಡರತೇನಿ," ಎಂದೆ.

"ಕೇಳಲಿಲ್ರಿ," ಎಂದಳು ಕಾಶೆವ್ವ.

"ಹುಚ್ಚಿನ ಡಾಕ್ಟರ ಮುಂದ ನಾನೂ ಕುಂಡರತೇನಿ ಅಂದೆ. ಎಲ್ಲಾರೂ ಕೇಳಿಸಿಕೊಂಡ್ರೇನು?"

ಕೇಳಿಸಿಕೊಂಡರು. ಯಾರೂ ನಗಲಿಲ್ಲ. ಅದೇ ವಿಚಿತ್ರ. ಶೋಭಾ ತಂಬಿಗೆ ಮುಂದೆ ಹಿಡಿದಳು. ನಾನೂ ಕಾಶೆವ್ವನೂ ಒಂದೊಂದು ಚಮಚ ನೀರು ಬಾಯಿಗೆ ಹಾಕಿಕೊಂಡೆವು. ಕಾಶಿನಾಥ ಗೋಡೆ ಹಿಡಿದು, ಸಾತಪ್ಪ ಚಾಚಿದ ಕೈಯನ್ನು ಬೇಡವೆಂದು, ತಾನೇ ಟ್ರ್ಯಾಕ್ಸ್ ಹತ್ತಿದ.

ಬೆಳಗಾವಿಯಲ್ಲಿ ಮೊದಲು ಅವನನ್ನೇ ಯಂತ್ರಕ್ಕೆ ಹಚ್ಚಿದರು. ಶ್ರದ್ಧಾ ಬಾಯಾರು ಸ್ಟೂಲು ಹಿಡಿದೇ ಕಾಯುತ್ತಿದ್ದರು.

ಬೆಳಗಾವಿ ಬಿಡುವಾಗ ಇನ್ನೂ ಸ್ವಲ್ಪ ಬೆಳಕಿತ್ತು. ಎರಡೂ ಡಬ್ಬಿ ಖಾಲಿಯಾದವು. ಒಂದು ಸಾತಪ್ಪನದೆಂದು ತಿಳಿದಿದ್ದೆ. ಅವನು ಮುಟ್ಟಿಯೇ ಇಲ್ಲವಂತೆ.

೫ ಆಗಸ್ಟ್, ಮಂಗಳವಾರ

ಕೊಟ್ಟ ಮಾತಿನಂತೆ ಮಾತಾಡಿದೆ. ನನಗೆ ಹೇಳುವಂಥದ್ದೇನೂ ಇರಲಿಲ್ಲ. "ಮೊದಲ ನಿಮ್ಮ ದಿನ ಹೆಂಗ ಹೋಗತಿತ್ರಿ?" ಎಂದು ಕೇಳಿದರು. ಅಂಗಡಿ ತೆರೆಯುವುದರಿಂದ ಶುರು ಮಾಡಿದೆ. ಯಂತ್ರ ನಿಂತಾಗ ಇನ್ನೂ ೧೯೭೨ರಲ್ಲೇ ಇದ್ದೆ.

ದಿನಕ್ಕೊಂದು ಗುಳಿಗೆ ಬರೆದುಕೊಟ್ಟಿದ್ದಾರೆ. ಗುಣ ಕಾಣಲು ಕೆಲವು ವಾರ ಬೇಕಂತೆ, ಅಷ್ಟರಲ್ಲಿ ಬಿಡಬಾರದಂತೆ. ನನ್ನ ಸಿಟ್ಟು ಹೋಗುತ್ತದೆಯೇ ಎಂದು ಕೇಳಿದೆ, ಹೋದರೆ ನನ್ನ ಬಳಿ ಉಳಿಯುವುದೇನು? "ಸಿಟ್ಟು ಇರಲಿ ಬಿಡ್ರಿ, ಊರಿಗೆ ಬೇಕು," ಎಂದರು. ಬುದ್ಧಿವಂತೆ.

ಕಾಶಿನಾಥನಿಗೆ ಬೇರೆ ಗುಳಿಗೆ. ಮೋಟಾರು ಎತ್ತಲು ಬಾರದಿದ್ದರೂ ತಂತಿ ಸುತ್ತಲು ಏನು ಅಡ್ಡಿ ಎಂದು ಬಾಯಾರು ಕೇಳಿದರಂತೆ. ಅವನದು ಇನ್ನೂ ಮಾತು ಕಡಿಮೆ. ಬಂದ, ಅದೇ ದೊಡ್ಡದು. ಶುಕ್ರವಾರ ಬರುತ್ತಾನೋ ಇಲ್ಲವೋ.

೨೪ ಆಗಸ್ಟ್, ರವಿವಾರ

ಬರುತ್ತಿದ್ದಾನೆ. ಪ್ರತಿ ಸಲ ಹುಕ್ಕೇರಿ ಹತ್ತಿರವಾದಂತೆ ನಾನೂ ಕಾಶೆವ್ವನೂ ಮಾತು ನಿಲ್ಲಿಸಿ ಸ್ಟಾಪಿನ ಕಡೆ ಕತ್ತು ಚಾಚುತ್ತೇವೆ. ಕಂಡ ಕೂಡಲೇ ಏನೂ ಆಗದವರಂತೆ ಮತ್ತೆ ಜಗಳ ಮುಂದುವರಿಸುತ್ತೇವೆ.

ಮಧ್ಯಾಹ್ನ ಅಂಗಡಿಯಿಂದ ಮನೆಗೆ ಬಂದರೆ ಮಾಲಿಂಗಪ್ಪ ಕೂತಿದ್ದ, ಎಳನೀರಿನ ಗೊಂಚಲಿನೊಂದಿಗೆ. ಈ ಸಲ ನಾನು ಒಳಗೆ ಹೋಗಲಿಲ್ಲ. ಒಂದನ್ನು ಕೊಚ್ಚಿಸಿ ಅವನಿಗೇ ಕುಡಿಸಿ, ನನಗೆ ಅದು ಯಾಕೆ ವಿಷ ಎಂದು ತಿಳಿಯುವಂತೆ ಹೇಳಿದೆ. ಪಾಪ, ಹಣೆ ಚಚ್ಚಿಕೊಂಡ. ಮಾತಿಗೆ ಮಾತು ಬಂದು, ಮನಸ್ಸಿಗೂ ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ ಎಂದೂ ಹೇಳಿಬಿಟ್ಟೆ. ಇನ್ನು ಇವನು ನಮ್ಮ ಅಂಗಡಿ ದಾಟಿ ಮುಂದಿನ ಅಂಗಡಿಗೆ ಹೋಗುತ್ತಾನೆ ಎಂದುಕೊಂಡೆ. ಅವನು ಸುತ್ತ ನೋಡಿ, ಹತ್ತಿರ ಸರಿದು, ದನಿ ತಗ್ಗಿಸಿದ.

"ಸಾವಕಾರ್ರ, ಆ ಬಾಯಾರು ಎಲ್ಲಿ ಕುಂಡರತಾರ್ರಿ? ನಮ್ಮ ಸಣ್ಣ ಸೊಸಿ ಹಡದ ಮ್ಯಾಲಿಂದ ಕೂಸಿನ ಮಾರಿ ನೋಡವಲ್ಲಳು. ಯಾರ ಮುಂದ ಹೇಳೂದು ತಿಳೀದಂಗಾಗೇತಿ."

ಈ ವಾರದಲ್ಲಿ ಹೀಗೆ ಕೇಳಿದವರಲ್ಲಿ ಇವನು ಮೊದಲಿಗನಲ್ಲ. ಹುಕ್ಕೇರಿಯ ಆ ಓಣಿಯಿಂದಲೇ ಇಬ್ಬರು ಶೋಭಾಳನ್ನು ಕೇಳಿದ್ದಾರೆ. ಇಷ್ಟು ದಿನ ಇವರೆಲ್ಲ ಎಲ್ಲಿದ್ದರು? ಮನೆಯೊಳಗಿದ್ದರು, ಬಾಗಿಲು ಹಾಕಿಕೊಂಡು.

ಸಂಪಾದಕರಿಗೆ ಉದ್ದ ಪತ್ರ ಬರೆದೆ, ದಾಳಿಂಬೆಯ ಮಾತನ್ನೂ ಸೇರಿಸಿ. ನಾನೂ ಚಿಕಿತ್ಸೆ ಪಡೆಯುತ್ತಿದ್ದೇನೆ ಎಂದು ಬರೆದು ಕೆಳಗೆ ಪೂರ್ತಿ ಹೆಸರು ಹಾಕಿದೆ: ಆಬಾಸಾಹೇಬ, ಕಬ್ಬಿಣದ ವ್ಯಾಪಾರಿ, ಗೋಕಾಕ. ಲಕ್ಷ್ಮೀಬಾಯಿ ಓದಿ, "ವ್ಯಾಪಾರಿ ಅನ್ನೂದು ಬ್ಯಾಡ, ಜಾಹೀರಾತ ಆಗತೈತಿ," ಎಂದಳು. ತೆಗೆದುಹಾಕಲಿಲ್ಲ.

೯ ಸೆಪ್ಟೆಂಬರ್, ಮಂಗಳವಾರ

ಶ್ರದ್ಧಾ ಬಾಯಾರು ತಿಂಗಳಿಗೊಮ್ಮೆ ಹುಕ್ಕೇರಿಗೆ ಬರಲು ಒಪ್ಪಿದ್ದಾರೆ. ಎಲ್ಲಿ ಕೂರಿಸುವುದೆಂದು ಟ್ರ್ಯಾಕ್ಸಿನಲ್ಲಿ ದೊಡ್ಡ ಚರ್ಚೆ. ಬಸ್ ಸ್ಟ್ಯಾಂಡಿನ ಎದುರು ದೊಡ್ಡ ಬೋರ್ಡು ಹಾಕಿಸೋಣ, ನಾಚುವಂಥದ್ದೇನಿದೆ ಎಂದೆ.

"ನಿಮಗ ನಾಚಿಕಿ ಹೋಗಾಕ ಅರವತ್ತು ವರ್ಷ ಹಿಡೀತು," ಎಂದಳು ಕಾಶೆವ್ವ. "ಮಂದಿಗೆ ಒಂದ ದಿನದಾಗ ಹೋಗಬೇಕೇನ್ರಿ? ಸಂತಿ ದಿನ ಇಡ್ರಿ. ಉಳ್ಳಾಗಡ್ಡಿ ತರಾಕ ಹೊಂಟೇನಿ ಅಂತ ಬರತಾರ. ಬೋರ್ಡ ಬ್ಯಾಡ."

"ಜಾಗಾ?"

ಕಿಟಕಿಯ ಕಡೆ ನೋಡುತ್ತಿದ್ದ ಕಾಶಿನಾಥ ಬಾಯಿ ಬಿಟ್ಟ. "ನಮ್ಮ ಅಂಗಡಿ ಬಾಗಲಾ ಹೆಂಗೂ ಹಾಕೇತಿ. ಬೋರ್ಡೂ ಐತಿ. ಎಲ್ಲಾ ತರದ ಮೋಟಾರ ರಿಪೇರಿ ಮಾಡಲಾಗುವದು ಅಂತ."

ಸಾತಪ್ಪ ನಗುವಿನ ಭರಕ್ಕೆ ಗಾಡಿಯನ್ನು ಬಾಜೂಕ್ಕೆ ನಿಲ್ಲಿಸಬೇಕಾಯಿತು. ನಾನೂ ನಕ್ಕೆ, ಹೊಟ್ಟೆ ನೋವು ಬಂತು. ಹೊತ್ತು ಮುಳುಗಲು ಇನ್ನೂ ಸಮಯವಿತ್ತು, ಗಾಡಿ ಹೇಗೂ ನಿಂತಿತ್ತು, ಡಬ್ಬಿ ಬಿಚ್ಚಿದೆವು. ಯಮಕನಮರಡಿಯ ಈಚೆ ಹೊಲದಲ್ಲಿ ಸೋಯಾ ಚೆನ್ನಾಗಿ ಬಂದಿದೆ.

೧೪ ಅಕ್ಟೋಬರ್, ಮಂಗಳವಾರ

ಬರೆಯದೆ ಬಹಳ ದಿನಗಳಾದವು. ಅಂಗಡಿ, ಪತ್ರಗಳು, ಸಂತೆ ದಿನದ ಓಡಾಟ, ಪುರುಸೊತ್ತಿಲ್ಲ. ಇವತ್ತಿನದನ್ನು ಮಾತ್ರ ಬರೆಯಲೇಬೇಕು.

ಹುಕ್ಕೇರಿಯ ಸ್ಟಾಪಿನಲ್ಲಿ ಕಾಶಿನಾಥ ಇರಲಿಲ್ಲ.

ಸಾತಪ್ಪ ಹಾರ್ನು ಹೊಡೆದ. ಯಾರೂ ಬರಲಿಲ್ಲ, ಶೋಭಾ ಕೂಡ. ಗಾಡಿಯನ್ನು ಓಣಿಗೆ ತಿರುಗಿಸೆಂದೆ. ಗಾಡಿ ನಿಲ್ಲುವ ಮೊದಲೇ ಇಳಿದು, ಅಂಗಡಿಯ ಕಡೆ ನೋಡದೆ ಮನೆಯೊಳಗೆ ಹೋದೆ. ಪಡಸಾಲೆಯಲ್ಲಿ ಹೊರಸು ಖಾಲಿ. ಅಡಿಗೆಮನೆಯಲ್ಲಿ ಯಾರೂ ಇಲ್ಲ. ಹಿತ್ತಿಲಲ್ಲಿ ಸತ್ತೆವ್ವ ಹಪ್ಪಳ ಒಣಗಿಸುತ್ತ ಕುಳಿತಿದ್ದಳು.

"ಎಲ್ಲಿ ಅವ?"

"ಮುಂದ ಅಂಗಡ್ಯಾಗ ಅದಾನಲ್ರಿ. ನಸುಕಿನ್ಯಾಗ ಹೋಗಿ ಕುಂತಾನ, ಚಾಕ್ಕೂ ಒಳಗ ಬಂದಿಲ್ಲ."

ಓಡಿದೆ. ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಶೋಭಾ ತಂತಿ ಸುತ್ತುವ ಚಕ್ರದ ಹಿಡಿಕೆ ತಿರುಗಿಸುತ್ತಿದ್ದಳು. ಕಾಶಿನಾಥ ಬಲಗೈಯಲ್ಲಿ ತಾಮ್ರದ ತಂತಿ ಹಿಡಿದು, ತುಟಿಯಲ್ಲೇ ಸುತ್ತು ಎಣಿಸುತ್ತಿದ್ದ. ನಾನು ಕರೆದದ್ದಕ್ಕೆ ತಲೆ ಎತ್ತಲಿಲ್ಲ. ಎಡಗೈಯ ಒಂದು ಬೆರಳೆತ್ತಿ ತಡೆಯಿರಿ ಎಂದ. ಎಣಿಕೆ ಮುಗಿಸಿ, ತಂತಿ ಕತ್ತರಿಸಿ, ಆಮೇಲೆ ನನ್ನನ್ನು ನೋಡಿದ.

"ಯಾಕ ಕಾಕಾ, ಇಷ್ಟ ಲಗೂ ಬಂದ್ರಿ?"

ನನಗೆ ಬಂದ ಸಿಟ್ಟು ಈ ವರ್ಷದಲ್ಲೇ ಬಂದಿರಲಿಲ್ಲ. ಗಡಿಯಾರ ನೋಡಲು ಬರುವುದಿಲ್ಲವೇ, ಹಾರ್ನು ಕೇಳಲಿಲ್ಲವೇ, ಮೂರು ಜನರ ಜೀವವನ್ನು ರಸ್ತೆಯಲ್ಲಿ ನಿಲ್ಲಿಸಿ ತಂತಿ ಸುತ್ತುತ್ತ ಕೂರಲು ನೀನು ಯಾರು ಎಂದು ಅಲ್ಲಿಂದ ಶುರು ಮಾಡಿ ಯಮಕನಮರಡಿಯವರೆಗೆ ಬೈದೆ. ಕಾಶೆವ್ವ ನಡುನಡುವೆ ನನಗೆ ಹೊಸ ಬೈಗುಳ ಒದಗಿಸಿದಳು. ಕಾಶಿನಾಥ ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆರಳಿಗಂಟಿದ ವಾರ್ನಿಷನ್ನು ಉಗುರಿನಿಂದ ಕೆರೆಯುತ್ತ, ಆ ಮೋಟಾರಿನ ರೈತ ನಾಳೆ ಮುಂಜಾನೆ ಬಂದರೆ ಕೊಡಲಾಗುತ್ತದೋ, ನಾಡಿದ್ದಿಗೆ ಬಾ ಎನ್ನಬೇಕೋ ಎಂದು ಸಾತಪ್ಪನನ್ನು ಕೇಳುತ್ತಿದ್ದ.